ಎಡಗಡೆಯ ವಾಲ್ವು

ನನ್ನ ಗಂಡ ಅರಸೀಕೆರೆಯ ಒಂದು ತರಬೇತಿ ಶಾಲೆಯಲ್ಲಿ ರೇಡಿಯೊ ರಿಪೇರಿ ಕಲಿಸುವ ಮೇಷ್ಟ್ರು. ನಾನು ಅದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಂಗಡಿಗಳಿಗೆ ಸಿ.ಡಿ. ಹಾಕುವ ಹೊಸ ಸೆಟ್ಟುಗಳು ಬಂದಿದ್ದರೂ ನಮ್ಮ ನಡುಮನೆಯಲ್ಲಿ ಇದ್ದದ್ದು ಅವರೇ ಕೈಯಾರೆ ಕಟ್ಟಿದ ವಾಲ್ವ್ ಆಂಪ್ಲಿಫೈಯರ್. ಹಳೇ ರೇಡಿಯೊಗಳ ಹೊಟ್ಟೆಯೊಳಗೆ ಕೆಂಡದ ಹಾಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳನ್ನು ನೋಡಿದ್ದವರಿಗೆ ವಾಲ್ವು ಎಂದರೆ ಏನೆಂದು ಗೊತ್ತಿರುತ್ತದೆ. ನಮ್ಮದರಲ್ಲಿ ಎಡಗಡೆಯ ಸ್ಪೀಕರಿಗೆ ಮೂರು, ಬಲಗಡೆಯ ಸ್ಪೀಕರಿಗೆ ಮೂರು, ತಗಡಿನ ಪೆಟ್ಟಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಪೆಟ್ಟಿಗೆಯ ಅಡಿಯಲ್ಲಿ ಮುನ್ನೂರು ವೋಲ್ಟಿಗೂ ಮೀರಿದ ಕರೆಂಟು. "ಸ್ವಿಚ್ ಆಫ್ ಮಾಡಿದ್ರೂ ಒಳಗೆ ಕರೆಂಟ್ ಉಳ್ಕೊಂಡಿರುತ್ತೆ ಕಣೇ, ಮುಟ್ಟಬೇಡ" ಎಂದು ಮೊದಲ ದಿನವೇ ಹೇಳಿದ್ದರು. ಅಂದಿನಿಂದ ಧೂಳು ಒರೆಸುವುದಕ್ಕೂ ನಾನು ಅದರ ಹತ್ತಿರ ಹೋಗುತ್ತಿರಲಿಲ್ಲ.

ವಾಲ್ವುಗಳು ಉರಿದು ಉರಿದು ಸವೆಯುತ್ತವೆ. ಬದಲಿಸಬೇಕು. ನಂಬರು ಒಂದೇ ಆದರೂ ರಷ್ಯಾದ ವಾಲ್ವು ಹಾಡುವುದು ಒಂದು ಥರ, ಹಾಲೆಂಡಿನದು ಇನ್ನೊಂದು ಥರ. ಆರಿಸುವ ಕೆಲಸ ನನ್ನದು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಎರಡು ಸ್ಪೀಕರುಗಳ ಎದುರು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಅವರು ಒಂದು ಜೊತೆ ವಾಲ್ವು ಸಿಕ್ಕಿಸಿ, ಕಾಯಲು ಬಿಟ್ಟು, ವೀಣೆಯ ರೆಕಾರ್ಡೊಂದನ್ನು ಹಾಕುತ್ತಿದ್ದರು. ಆಮೇಲೆ ನಿಲ್ಲಿಸಿ, ಆರಲು ಬಿಟ್ಟು, ಬೇರೆ ಜೊತೆ ಸಿಕ್ಕಿಸಿ, ಮತ್ತೆ ಅದೇ ರೆಕಾರ್ಡು. ಯಾವುದು ಚೆನ್ನ ಎಂದು ನಾನು ಹೇಳಿದರೆ ಅದೇ ತೀರ್ಮಾನ.

ಹದಿನೈದು ವರ್ಷ ಹೆಡ್‌ಸೆಟ್ ಹಾಕಿಕೊಂಡು, ಪರವೂರಿನ ಕರೆಗಳನ್ನು ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕೂತಿದ್ದವಳು ನಾನು. ಗೊರಗೊರ ಎನ್ನುವ ಲೈನಿನ ಆಚೆ ತುದಿಯಲ್ಲಿರುವವರು ಅತ್ತು ಬಂದಿದ್ದಾರೋ, ಅಳುವುದಕ್ಕೆ ಕಾಯುತ್ತಿದ್ದಾರೋ, ಒಂದು ಹಲೋದಲ್ಲಿ ಗೊತ್ತಾಗುತ್ತಿತ್ತು. ಆ ವೀಣೆಯ ರೆಕಾರ್ಡಿನಲ್ಲಿ ತಂತಿಯ ಮೇಲೆ ಬೆರಳು ಜಾರುವಾಗ ಸಣ್ಣಗೆ ಉಜ್ಜಿದ ಸದ್ದು ಬರುತ್ತದೆ. ಅದು ಸ್ಪಷ್ಟವಾಗಿ ಕೇಳಿಸಿದರೆ ವಾಲ್ವು ಒಳ್ಳೆಯದು, ಇಲ್ಲದಿದ್ದರೆ ಮಂಕು. ನನ್ನ ಲೆಕ್ಕ ಅಷ್ಟೇ.

ಒಂದು ಭಾನುವಾರ ಆ ಸದ್ದು ಬಲಗಡೆಯಿಂದ ಮಾತ್ರ ಕೇಳಿಸಿತು.

"ಎಡಗಡೆ ಮಂಕಾಗಿದೆ ಕಣ್ರೀ" ಅಂದೆ.

ಅವರು ಎಡಗಡೆಯ ವಾಲ್ವುಗಳನ್ನು ಕಿತ್ತು ಶಾಲೆಯಿಂದ ತಂದಿದ್ದ ಮೀಟರಿಗೆ ಹಾಕಿ ನೋಡಿದರು. ಪೆನ್ಸಿಲ್ಲಿನ ತುದಿಯಿಂದ ಗಾಜನ್ನು ತಟ್ಟಿ ನೋಡಿದರು. "ಮೀಟರ್ ಪ್ರಕಾರ ಏನೂ ಆಗಿಲ್ಲ. ಸರಿಯಾಗೇ ಇದೆ."

"ಮತ್ತೆ ನಂಗೆ ಹಂಗೆ ಕೇಳಿಸ್ತಲ್ಲ."

ಅವರು ನಕ್ಕರು. "ನೀನು ಹೇಳಿದ ಮೇಲೆ ಮುಗೀತು. ಮೀಟರಿಗೇನು ಕಿವಿ ಇದೆಯಾ?"

ಹೊಸ ವಾಲ್ವು ಹುಡುಕಿಕೊಂಡು ಮುಂದಿನ ಭಾನುವಾರ ನಾವಿಬ್ಬರೂ ಬೇಲೂರಿಗೆ ಹೋದೆವು. ಅಲ್ಲಿ ಪೇಟೆ ಬೀದಿಯ ಹಿಂದಿನ ಸಂದಿಯಲ್ಲಿ ಒಬ್ಬ ಮುದುಕರಿದ್ದರು. ಹಿಂದೆ ಟೂರಿಂಗ್ ಟಾಕೀಸಿನಲ್ಲಿ ಸೌಂಡು ನೋಡಿಕೊಳ್ಳುತ್ತಿದ್ದವರು. ಟೆಂಟು ಎತ್ತಿದ ಮೇಲೆ ಅದರ ಆಂಪ್ಲಿಫೈಯರುಗಳೂ ವಾಲ್ವಿನ ಡಬ್ಬಗಳೂ ಅವರ ಮನೆಯ ಅಟ್ಟ ಸೇರಿದ್ದವು. ಚಾಪೆಯ ಮೇಲೆ ಡಬ್ಬಗಳನ್ನು ಸುರಿದುಕೊಂಡು ಒಂದೊಂದೇ ವಾಲ್ವನ್ನು ಬೆಳಕಿಗೆ ಹಿಡಿದು ನೋಡುತ್ತಾ, ಒಂದನ್ನು ನನ್ನ ಕೈಗೆ ಕೊಟ್ಟರು.

"ಇದರ ನೆತ್ತಿ ನೋಡವ್ವ. ಕನ್ನಡಿ ಥರ ಹೊಳೀಬೇಕು. ಇದು ಸುಣ್ಣ ಬಳದಂಗೆ ಬೆಳ್ಳಗಾಗೈತೆ. ಒಳಕ್ಕೆ ಗಾಳಿ ಹೋಗೈತೆ ಅಂತ ಅರ್ಥ. ಎಲ್ಲಿ ಬಿರುಕು ಬಿಟ್ಟೈತೆ ಅಂತ ಹುಡುಕಿದ್ರೂ ಕಾಣಕಿಲ್ಲ. ಆದ್ರೆ ಸತ್ತೋಗೈತೆ ಇದು."

ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಿಯೂ ಒಂದು ಗೆರೆಯೂ ಇರಲಿಲ್ಲ. ಯಾಕೋ ಅದನ್ನು ಹಿಡಿದುಕೊಂಡಿರಲು ಇಷ್ಟವಾಗದೆ ಚಾಪೆಯ ಮೇಲಿಟ್ಟೆ.

ಒಳ್ಳೆಯವು ನಾಲ್ಕನ್ನು ಆರಿಸಿ ಹತ್ತಿಯಲ್ಲಿ ಸುತ್ತಿ ಕೊಟ್ಟರು. ವಾಪಸು ಬರುವಾಗ ಹಳೇಬೀಡಿನಲ್ಲಿ ಬಸ್ಸಿಳಿದೆವು. ಅರಸೀಕೆರೆಯ ಬಸ್ಸಿಗೆ ಹೊತ್ತಿತ್ತು. ಹುಲಿಕೆರೆಯ ಕೊಳ ನೋಡಿ ಬಹಳ ವರ್ಷವಾಯಿತು ಎಂದು ಆಟೊ ಮಾಡಿಕೊಂಡು ಹೋದೆವು. ಮಧ್ಯಾಹ್ನದ ಉರಿಬಿಸಿಲು. ಕೊಳದ ಸುತ್ತ ಯಾರೂ ಇರಲಿಲ್ಲ. ನಾಲ್ಕಾರು ಮೆಟ್ಟಿಲು ಇಳಿದಿದ್ದೆನೋ ಇಲ್ಲವೋ, ಯಾರೋ ನನ್ನ ಎಡತೋಳು ಹಿಡಿದು ಪಕ್ಕಕ್ಕೆ ಎಳೆದ ಹಾಗಾಯಿತು. ಕಾಲಡಿಯ ಕಲ್ಲು ವಾಲಿತು. ಕೆಳಗೆ ಹಸಿರು ನೀರು ಮೇಲಕ್ಕೆ ಬರುತ್ತಿರುವಂತೆ ಕಂಡಿತು. ಅವರು ಕೈಯಲ್ಲಿದ್ದ ಚೀಲ ಬಿಟ್ಟು ನನ್ನನ್ನು ಹಿಡಿದುಕೊಂಡರು. ಚೀಲ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿತು. ಒಳಗೆ ಪಟ್ ಎಂದು ಗಾಜು ಒಡೆದದ್ದು ನನಗೂ ಕೇಳಿಸಿತು.

"ಪಾಚಿ ಇರ್ಬೇಕು" ಎಂದರು ಅವರು, ನನ್ನನ್ನು ಮೇಲಿನ ಕಟ್ಟೆಯ ಮೇಲೆ ಕೂರಿಸುತ್ತಾ.

ನಾನು ಹೂಂ ಅಂದೆ. ಆದರೆ ಆ ಮೆಟ್ಟಿಲುಗಳು ನಾವು ನಿಂತಿದ್ದ ಮಟ್ಟದಲ್ಲಿ ಒಣಗಿ ಬೆಳ್ಳಗಿದ್ದವು. ಪಾಚಿ ಇದ್ದದ್ದು ಎಷ್ಟೋ ಕೆಳಗೆ, ನೀರಿನ ಅಂಚಿನಲ್ಲಿ. ಅದನ್ನು ಅವರೂ ನೋಡಿರಬೇಕು.

ಉಳಿದ ಮೂರರಲ್ಲಿ ಎರಡನ್ನು ಎಡಗಡೆಗೆ ಹಾಕಿದರು. ಮಂಕು ಹೋಗಲಿಲ್ಲ. ಒಂದನ್ನು ತೆಗೆದು ಅದರ ಜಾಗಕ್ಕೆ ಮೂರನೆಯದನ್ನು ಹಾಕಿದರು. ಅದೂ ಮಂಕು. ರಜೆ ಹಾಕಿ ಬೆಂಗಳೂರಿನ ಹಳೇ ಸಾಮಾನಿನ ಬೀದಿಗೆ ಹೋಗಿ ಹಾಲೆಂಡಿನ ಒಂದು ಜೊತೆಯನ್ನು ಹುಡುಕಿ ತಂದರು. ಅದನ್ನು ಬಿಚ್ಚುವಾಗ ಅವರ ಮುಖದಲ್ಲಿ ಹಬ್ಬವಿತ್ತು. ವೀಣೆ ಶುರುವಾಯಿತು. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎಡಗಡೆಗೆ ಗಮನ ಕೊಟ್ಟೆ. ಕಂಬಳಿ ಹೊದಿಸಿದ ಹಾಗೆ. ಕಣ್ಣು ಬಿಟ್ಟಾಗ ಅವರು ನನ್ನನ್ನೇ ನೋಡುತ್ತಿದ್ದರು. ಏನೂ ಕೇಳದೆ ಆ ಜೊತೆಯನ್ನೂ ಕಿತ್ತು, ಬೇಡವಾದ ವಾಲ್ವುಗಳನ್ನು ಹಾಕುತ್ತಿದ್ದ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರು.

ಆ ದಿನಗಳಲ್ಲಿ ನನ್ನ ಅತ್ತೆ ಗೆಂಡೆಹಳ್ಳಿಯ ಮಗಳ ಮನೆಯಿಂದ ಬಂದು ನಮ್ಮ ಜೊತೆ ಇದ್ದರು. ಒಂದು ದಿನ ಒಲೆಯ ಮುಂದೆ ನಿಂತಿದ್ದಾಗ ಹಿಂದಿನಿಂದ ಬಂದು ನನ್ನ ಭುಜ ಅಲುಗಿಸಿದರು.

"ಪಕ್ಕದಾಗೇ ನಿಂತ್ಕಂಡು ಮೂರು ಸಲ ಕೂಗ್ದೆ. ಹಾಲು ಉಕ್ತಾ ಐತೆ ಅಂತ. ಏನವ್ವ, ನನ್ ಮ್ಯಾಲೆ ಕ್ವಾಪನಾ?"

"ಕೇಳಿಸ್ಲಿಲ್ಲ ಅತ್ತೆ."

"ನಿಂಗೆ ಕೇಳಿಸ್ಲಿಲ್ವಾ?" ಎಂದು ಅವರು ನನ್ನ ಮುಖವನ್ನೇ ನೋಡಿದರು. ಊರಿಗೆಲ್ಲ ಕಿವಿಯಾಗಿದ್ದ ಸೊಸೆ ಎಂಬ ಹೆಮ್ಮೆ ಅವರಿಗಿತ್ತು. ಹಾಲಿನ ಪಾತ್ರೆ ಇಳಿಸಿದರು. ಅವರು ನಿಂತಿದ್ದದ್ದು ನನ್ನ ಎಡಗಡೆ.

ಆಫೀಸಿನಲ್ಲಿ ಆಗ ನನ್ನನ್ನು ಫೋನು ಕೆಟ್ಟ ದೂರುಗಳನ್ನು ಬರೆದುಕೊಳ್ಳುವ ಜಾಗಕ್ಕೆ ಹಾಕಿದ್ದರು. ಒಂದು ಮಧ್ಯಾಹ್ನ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದೆ. ಹೆಡ್‌ಸೆಟ್ಟಿನ ಬಟ್ಟಲು ನನ್ನ ಬಲಗಿವಿಯ ಮೇಲಿತ್ತು. ಹದಿನೈದು ವರ್ಷ ಅದು ಎಡಗಿವಿಯ ಮೇಲಿದ್ದದ್ದು. ಯಾವಾಗ ಬದಲಿಸಿಕೊಂಡೆ ಎಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಬೇಕೆಂದೇ ಎಡಕ್ಕೆ ಸರಿಸಿದೆ. ಆಚೆಯವರು ಏನೋ ಹೇಳುತ್ತಿದ್ದರು. ಮಾತು ಮಾತಾಗಿರಲಿಲ್ಲ, ನೀರಿನೊಳಗಿಂದ ಯಾರೋ ಗೊಣಗಿದಂತಿತ್ತು. ಮತ್ತೆ ಬಲಕ್ಕೆ ಸರಿಸಿಕೊಂಡು ಆ ದೂರು ಬರೆದು ಮುಗಿಸಿದೆ. ಶೀತ ಇರಬೇಕು, ಗುಗ್ಗೆ ಕಟ್ಟಿರಬೇಕು ಎಂದುಕೊಂಡೆ. ಮನೆಯಲ್ಲಿ ಹೇಳಲಿಲ್ಲ.

ಆಮೇಲೆ ಗುಂಯ್ ಎನ್ನುವ ಸದ್ದು ಶುರುವಾಯಿತು. ಭಾನುವಾರ ಕುರ್ಚಿಯಲ್ಲಿ ಕೂತಾಗ, ವೀಣೆಯ ಹಿಂದೆ, ಎಡಗಡೆಯಲ್ಲಿ, ದೂರದಲ್ಲೆಲ್ಲೋ ಮೋಟಾರು ಓಡುತ್ತಿರುವ ಹಾಗೆ.

"ಎಡಗಡೆ ಹಮ್ ಬರ್ತಾ ಇದೆ" ಅಂದೆ.

ಅವರು ಸ್ಪೀಕರಿಗೆ ಕಿವಿ ಹಚ್ಚಿ ಕೇಳಿದರು. "ನಂಗೇನೂ ಗೊತ್ತಾಗ್ತಿಲ್ಲ."

"ಬರ್ತಿದೆ ರೀ. ಕೇಳಿ ಸರಿಯಾಗಿ."

ಇನ್ನೊಂದು ಸಲ ಕೇಳಿದರು. "ನಿನ್ ಕಿವಿಗೆ ಬಿದ್ದಿದೆ ಅಂದ್ರೆ ಇರುತ್ತೆ" ಎಂದು ಎದ್ದು ಸ್ಕ್ರೂಡ್ರೈವರ್ ತಂದರು. ಅಂದಿನಿಂದ ನಾಲ್ಕೈದು ಭಾನುವಾರ ಆ ಹಮ್ಮಿನ ಬೇಟೆ. ವೈರುಗಳನ್ನು ಬದಲಿಸಿದರು, ಬೆಸುಗೆಗಳನ್ನು ಬಿಡಿಸಿ ಮತ್ತೆ ಹಾಕಿದರು. ಪ್ರತಿ ಸಲವೂ "ಈಗ?" ಎನ್ನುವರು. "ಇನ್ನೂ ಇದೆ" ಎನ್ನುವೆ ನಾನು.

ಹೀಗೆ ಒಂದು ಭಾನುವಾರ ರೆಕಾರ್ಡು ನಡೆಯುತ್ತಿರುವಾಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು. ವೀಣೆ ಎಳೆದಂತಾಗಿ ಸತ್ತುಹೋಯಿತು. ವಾಲ್ವುಗಳು ಒಂದೊಂದಾಗಿ ಕಪ್ಪಾದವು. ಬೀದಿಯಲ್ಲೂ ಸದ್ದಿಲ್ಲ. ಅವರು "ಥೂ" ಎಂದು ಹಿತ್ತಿಲಿಗೆ ಹೋದರು. ನಾನು ಕುರ್ಚಿಯಲ್ಲೇ ಕೂತಿದ್ದೆ. ಆ ಸದ್ದು ನಿಂತಿರಲಿಲ್ಲ. ಒಂದಿಷ್ಟೂ ಕಡಿಮೆಯಾಗದೆ, ಎಡಗಡೆಯಲ್ಲಿ, ಗುಂಯ್.

ಕೈಯಿಂದ ಎಡಗಿವಿ ಮುಚ್ಚಿಕೊಂಡೆ. ಇನ್ನೂ ಜೋರಾಯಿತು.

ಅವರು ಮುಖ ಒರೆಸಿಕೊಂಡು ಒಳಗೆ ಬಂದಾಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ, ಯಾಕೆ ಎಂದು. ವಾಲ್ವಿನದಾದರೆ ಬದಲಿಸಬಹುದು, ನನ್ನದಾದರೆ ಏನು ಮಾಡುವುದು? ಆ ಮನೆಯಲ್ಲಿ ನನಗಿದ್ದ ಬೆಲೆಯೇ ಕಿವಿ ಎಂದು ಒಳಗೊಳಗೇ ನಂಬಿದ್ದೆನೋ ಏನೋ. ಕರೆಂಟು ಬಂತು. ವಾಲ್ವು ಕಾದವು. "ಈಗ?" ಎಂದರು. "ಇನ್ನೂ ಇದೆ" ಎಂದೆ.

ಅದಾದ ಮೂರನೇ ವಾರ ನಡೆದದ್ದನ್ನು ಬರೆಯುವಾಗ ಕೈ ತಡೆಯುತ್ತದೆ.

ಹಮ್ಮು ಸಿಗದಿದ್ದರೂ ಮಂಕನ್ನಾದರೂ ಕಳೆಯೋಣ ಎಂದು ಅವರು ಎಡಗಡೆಯ ವಾಲ್ವುಗಳಿಗೆ ಹೆಚ್ಚು ಕರೆಂಟು ಹರಿಯುವಂತೆ ತಿರುಪು ತಿರುಗಿಸಿದ್ದರು. ನಾನು "ಇನ್ನೂ ಸಾಲದು" ಎಂದಷ್ಟೂ ತಿರುಗಿಸಿದರು. ಹತ್ತು ನಿಮಿಷ ಕಳೆದಿರಬೇಕು, ಸುಟ್ಟ ಬಣ್ಣದ ವಾಸನೆ ಬಂತು. ಕಣ್ಣು ಬಿಟ್ಟರೆ ಎಡಗಡೆಯ ಒಂದು ವಾಲ್ವಿನ ಒಳಗಿನ ಬೂದು ತಗಡು ಕಮ್ಮಾರನ ಕಬ್ಬಿಣದ ಹಾಗೆ ಕೆಂಪಗಾಗಿತ್ತು. ಅವರು ಹಾರಿಬಂದು ಪ್ಲಗ್ಗು ಕಿತ್ತರು. ಪೆಟ್ಟಿಗೆಯನ್ನು ಮಗುಚಿ ಅಡಿಯಲ್ಲಿ ಏನು ಸುಟ್ಟಿದೆ ಎಂದು ಕೈ ಹಾಕಿದರು.

ಆ ಪೆಟ್ಟಿಗೆಯನ್ನು ಬಿಚ್ಚಿ ಕೆಲಸ ಮಾಡುವಾಗ ಅವರು ಯಾವಾಗಲೂ ಒಂದು ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ ಎಂದು ಮಕ್ಕಳಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಅದು. ಅವತ್ತು ಭಾನುವಾರ. ಲುಂಗಿಯಲ್ಲಿದ್ದರು. ಜೇಬಿರಲಿಲ್ಲ.

ಚಟ್ ಎಂದು ಸದ್ದಾಯಿತು. ಅವರು ಕೂತಿದ್ದ ಜಾಗದಿಂದ ಹಿಂದಕ್ಕೆ ಬಿದ್ದು ತಲೆ ಗೋಡೆಗೆ ಬಡಿಯಿತು. ಬಾಯಿ ತೆರೆದಿತ್ತು, ಉಸಿರು ಬರುತ್ತಿರಲಿಲ್ಲ. ನಾನು ಹೆಸರು ಹಿಡಿದು ಕೂಗಿದೆ. ಮದುವೆಯಾದಂದಿನಿಂದ ಒಮ್ಮೆಯೂ ಹಾಗೆ ಕೂಗಿದವಳಲ್ಲ. ಅತ್ತೆ ಓಡಿಬಂದು ಮಗನ ಎದೆಯ ಮೇಲೆ ಎರಡು ಕೈಯಲ್ಲೂ ಗುದ್ದಿದರು. ಆಮೇಲೆ ಗಂಡ ಬಾವಿಯಿಂದ ಮೇಲೆ ಬಂದವರ ಹಾಗೆ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು. ಬಲಗೈಯ ಎರಡು ಬೆರಳ ತುದಿ ಬೆಳ್ಳಗೆ ಬೆಂದಿದ್ದವು.

ಡಾಕ್ಟರು ಬಂದು ನೋಡಿ, ಮಲಗಿರಲಿ ಎಂದು ಹೇಳಿ ಹೋದರು. ಅತ್ತೆ ನಡುಮನೆಯಲ್ಲಿದ್ದ ಬುದ್ಧನ ಪಟದ ಕೆಳಗೆ ಮೇಣದಬತ್ತಿ ಹಚ್ಚಿ ಕೂತರು. ಎದ್ದದ್ದು ಸಂಜೆಗೆ. ಏಳುವಾಗ ನನ್ನ ಕಡೆ ತಿರುಗಿ, "ಆ ಪೆಟ್ಟಿಗೆ ನನ್ ಕಣ್ಮುಂದೆ ಇರಬಾರ್ದು" ಅಂದರು.

ಹಾಗಾಗಿ ಮುಂದಿನ ವಾರ, ಬೆರಳಿಗೆ ಸುತ್ತಿದ್ದ ಬಟ್ಟೆಯೊಡನೆಯೇ, ಅವರು ಆಂಪ್ಲಿಫೈಯರನ್ನು ಗೋಣಿಯಲ್ಲಿ ಕಟ್ಟಿಕೊಂಡು ಬೇಲೂರಿನ ಮುದುಕರಿಗೆ ಕೊಟ್ಟುಬರಲು ಹೊರಟರು. ನಾನೂ ಹೋದೆ. ದಾರಿಯುದ್ದಕ್ಕೂ ಹೇಳಿಬಿಡಬೇಕೆಂದು ಬಾಯಿ ತೆರೆಯುವುದು, ಮುಚ್ಚುವುದು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಹೇಳೋಣವೆಂದುಕೊಂಡೆ. ಹಳೇಬೀಡಿನಲ್ಲಿ ಹೇಳೋಣವೆಂದುಕೊಂಡೆ.

ಇಟ್ಟುಕೊಳ್ಳುವ ಮೊದಲು ಆ ಹಮ್ಮು ಎಲ್ಲಿದೆ ನೋಡೋಣ ಎಂದು ಮುದುಕರು ಎಡಗಡೆಗೆ ತಮ್ಮದೇ ವಾಲ್ವು ಹಾಕಿ, ತಿರುಪನ್ನು ಮೊದಲಿನ ಜಾಗಕ್ಕೆ ತಂದು, ಎರಡು ಸ್ಪೀಕರು ಜೋಡಿಸಿ ನನ್ನನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿದರು. ರೆಕಾರ್ಡು ಹಾಕಲಿಲ್ಲ. ಬರೀ ಆಂಪ್ಲಿಫೈಯರ್ ಉರಿಯುತ್ತಿತ್ತು.

"ಸದ್ದು ಎಲ್ಲೈತವ್ವ?"

"ಎಡಗಡೆ."

ಎಡಗಡೆಯ ವಾಲ್ವುಗಳನ್ನು ಬಲಕ್ಕೂ ಬಲಗಡೆಯವನ್ನು ಎಡಕ್ಕೂ ಹಾಕಿದರು. "ಈಗ?"

"ಎಡಗಡೆ."

ಸ್ಪೀಕರಿನ ವೈರುಗಳನ್ನು ಅದಲುಬದಲು ಮಾಡಿದರು. "ಈಗ?"

"ಎಡಗಡೇನೇ."

ಮುದುಕರು ಕೈಯಲ್ಲಿದ್ದ ವೈರನ್ನು ನಿಧಾನವಾಗಿ ಕೆಳಗಿಟ್ಟರು. "ಅವ್ವಾ, ಒಂಚೂರು ಎದ್ದು ಕುರ್ಚಿ ತಿರುಗಿಸ್ಕಂಡು ಗೋಡೆ ಕಡೆ ಮುಖ ಮಾಡ್ಕಂಡು ಕೂತ್ಕಳಿ."

ತಿರುಗಿ ಕೂತೆ. ಈಗ ಎಡಗಡೆಯ ಸ್ಪೀಕರು ನನ್ನ ಬಲಕ್ಕೆ ಬಂದಿತ್ತು. ನನ್ನೆದುರು ಸುಣ್ಣ ಕಿತ್ತುಹೋದ ಗೋಡೆ. ಬಲಗಡೆ ಎಂದು ಒಂದು ಮಾತು ಹೇಳಿದ್ದರೆ ಇನ್ನಷ್ಟು ದಿನ ತಪ್ಪು ಯಂತ್ರದ ಮೇಲೆಯೇ ಹೋಗುತ್ತಿತ್ತು. ಬೆನ್ನ ಹಿಂದೆ ಗಂಡನ ಬೆರಳಿಗೆ ಸುತ್ತಿದ್ದ ಬಟ್ಟೆಯ ಮುಲಾಮಿನ ವಾಸನೆ ಬರುತ್ತಿತ್ತು.

"ಈಗ ಯಾವ ಕಡೆ?"

"ಎಡಗಡೆ" ಅಂದೆ.

ಟಕ್ ಎಂದು ಸ್ವಿಚ್ಚು ಆರಿದ ಸದ್ದು ಬಲಗಿವಿಗೆ ಕೇಳಿಸಿತು. "ಈಗ?"

ನಾನು ತಲೆಯಾಡಿಸಿದೆ. ಇದೆ ಎಂದು.

"ಮೇಷ್ಟ್ರೆ," ಎಂದರು ಮುದುಕರು, ತಗ್ಗಿದ ದನಿಯಲ್ಲಿ, "ಈ ಪೆಟ್ಟಿಗೇಲಿ ಏನೂ ಕೆಟ್ಟಿಲ್ಲ. ಅಮ್ಮಾವ್ರನ್ನ ದೊಡ್ಡಾಸ್ಪತ್ರೆಗೆ ತೋರಿಸಿ. ತಡ ಮಾಡಬ್ಯಾಡಿ."

ಬಸ್ ನಿಲ್ದಾಣಕ್ಕೆ ನಡೆಯುವಾಗ ಗಂಡ ಕೇಳಿದರು, "ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಅವತ್ತು ಕರೆಂಟ್ ಹೋಯ್ತಲ್ಲ, ಅವತ್ತಿಂದ."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ನನಗೆ ಕಂಡಿತು. ಅದು ಅವರ ಕೈ ಸುಡುವುದಕ್ಕೆ ಮೂರು ವಾರ ಹಿಂದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಏನೋ ಹೊಳೆದವರಂತೆ ಮತ್ತೆ ಎಬ್ಬಿಸಿ, ತಾವು ನನ್ನ ಬಲಕ್ಕೆ ಬರುವ ಹಾಗೆ ಜಾಗ ಬದಲಿಸಿಕೊಂಡರು.

ಬೆಂಗಳೂರಿನಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಕೊಳವೆಯಂಥ ಯಂತ್ರದೊಳಗೆ ಮಲಗಿಸಿದಾಗ ಅದು ಹೊಡೆಯುವ ಸದ್ದು ಬಲಗಿವಿಗೆ ಮಾತ್ರ ಕೇಳುತ್ತಿತ್ತು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ದೊಡ್ಡ ಗೋಲಿಯಷ್ಟು ಗಡ್ಡೆ. ಡಾಕ್ಟರು ಫಿಲಂ ಅನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ತೋರಿಸಿದರು. ಕಪ್ಪಿನ ನಡುವೆ ಒಂದು ಬಿಳಿ ಚುಕ್ಕೆ. ಕ್ಯಾನ್ಸರ್ ಅಲ್ಲ, ಹೆಡ್‌ಸೆಟ್ಟಿನಿಂದ ಬಂದದ್ದೂ ಅಲ್ಲ, ಎಷ್ಟೋ ವರ್ಷದಿಂದ ಮೆಲ್ಲಗೆ ಬೆಳೆದಿದೆ ಎಂದರು. ಮೊದಲು ಮಂಕಾಗುವುದು, ಆಮೇಲೆ ಸದ್ದು, ನಡುನಡುವೆ ನಡೆಯುವಾಗ ವಾಲುವುದು. ಅವರು ಹೇಳಿದ ಒಂದೊಂದು ಲಕ್ಷಣಕ್ಕೂ ನನ್ನ ಗಂಡ "ಹೌದು ಸಾರ್" ಎನ್ನುತ್ತಿದ್ದರು. ಬೇಗ ಬಂದಿದ್ದರೆ ಕಿವಿ ಉಳಿಸಲು ನೋಡಬಹುದಿತ್ತು ಎಂದಾಗ ಮಾತ್ರ ಸುಮ್ಮನಾದರು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಸಂಜೆಗೆ ಮುಗಿಯಿತಂತೆ. ಎಚ್ಚರವಾದಾಗ ಎಡಗಿವಿ ಪೂರ್ತಿ ಹೋಗಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ತುಟಿಯ ಎಡತುದಿಯಿಂದ ನೀರು ಜಾರುತ್ತಿತ್ತು. ಅದೆಲ್ಲ ಮುಂದಿನ ವರ್ಷದಲ್ಲಿ ಮುಕ್ಕಾಲು ಪಾಲು ಸರಿಹೋಯಿತು. ಗುಂಯ್ ಎನ್ನುವುದು ಮಾತ್ರ ಹೋಗಲಿಲ್ಲ. ಕೇಳುವ ನರವನ್ನೇ ಕತ್ತರಿಸಿದ ಮೇಲೂ ಅದು ಹೇಗೆ ಉಳಿದಿದೆ ಎಂದು ಕೇಳಿದೆ. ಕೆಲವರಿಗೆ ಹಾಗಾಗುತ್ತದೆ ಎಂದರು ಡಾಕ್ಟರು.

ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಕಿತ್ತಳೆ ಬಿಡಿಸಿ ಕೊಡುತ್ತಾ ಗಂಡ ಹೇಳಿದರು, "ಒಂದು ಮಾತು. ಬೇಜಾರು ಮಾಡ್ಕೋಬೇಡ. ಆ ವಾಲ್ವುಗಳಲ್ಲಿ ನಂಗೆ ಯಾವತ್ತೂ ವ್ಯತ್ಯಾಸ ಗೊತ್ತಾಗಿಲ್ಲ ಕಣೇ. ರಷ್ಯಾದ್ದು, ಹಾಲೆಂಡ್‌ದು, ಎಲ್ಲ ಒಂದೇ ಥರ ಕೇಳ್ಸೋದು."

"ಮತ್ತೆ ಅಷ್ಟು ವರ್ಷ ಯಾಕೆ ಹುಡುಕಿದ್ರಿ?"

"ಚೆನ್ನಾಗಿರೋದು ಬಂದಾಗ ನಿನ್ ಮುಖ ಒಂಥರಾ ಆಗೋದು. ಅದನ್ನ ನೋಡ್ತಾ ಕೂತಿರ್ತಿದ್ದೆ. ಅಷ್ಟು ನೋಡಿದ್ರೂ ಇದು ಗೊತ್ತಾಗ್ಲಿಲ್ಲ" ಅಂದರು. ಸುಟ್ಟ ಬೆರಳುಗಳಿಂದ ಕಿತ್ತಳೆಯ ನಾರು ಬಿಡಿಸುವುದು ಅವರಿಗೆ ಆಗುತ್ತಿರಲಿಲ್ಲ. ನಾನು ಅವರ ಕೈಯಿಂದ ಇಸಿದುಕೊಂಡೆ.

ಮುಖದ ನರಕ್ಕೆ ಅಂಟಿಕೊಂಡಿದ್ದ ಗಡ್ಡೆಯ ಚೂರನ್ನು ಡಾಕ್ಟರು ಬಿಟ್ಟಿದ್ದಾರೆ. ತೆಗೆದರೆ ಮುಖದ ಎಡಪಕ್ಕದ ಶಕ್ತಿಯೇ ಹೋಗುತ್ತಿತ್ತು. ಅದು ಬೆಳೆಯಬಹುದು, ಬೆಳೆಯದೆಯೂ ಇರಬಹುದು. ವರ್ಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಫಿಲಂ ತೆಗೆಸುತ್ತೇವೆ. ಡಾಕ್ಟರು ಹಿಂದಿನ ವರ್ಷದ್ದನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಸಿಕ್ಕಿಸಿ ಸ್ಕೇಲು ಇಟ್ಟು ಅಳೆಯುತ್ತಾರೆ. ಆ ಹೊತ್ತಿನಲ್ಲಿ ನಾವಿಬ್ಬರೂ ಅವರ ಮುಖವನ್ನು ನೋಡುತ್ತಾ ನಿಂತಿರುತ್ತೇವೆ. ಈ ಸಲ ಅವರು ಒಂದಕ್ಕೆ ಎರಡು ಸಲ ಅಳೆದರು. ಆಮೇಲೆ, "ಹೆಚ್ಚು ಕಡಿಮೆ ಅಷ್ಟೇ ಇದೆ. ಮುಂದಿನ ಸಲ ವರ್ಷ ಕಾಯೋದು ಬೇಡ, ಆರು ತಿಂಗಳಿಗೇ ಬಂದುಬಿಡಿ" ಎಂದರು.